ಎಫ್‌ಪಿವಿ ಡ್ರೋನ್ ಚಾಲೆಂಜ್ ಮಾಡೋಣ ಅಂತಿದ್ದೇನೆ, ನಿಜವಾಗಿ ಯಾರು ಯಾರು ಬರುತ್ತೀರಿ?

ಖಾಲಿ_ಪ್ಯಾಕ್:

ನಾಲ್ಕು ವರ್ಷದಿಂದ ಎಫ್‌ಪಿವಿ (ಕ್ಯಾಮೆರಾ ತೋರಿಸುವುದನ್ನು ಗಾಗಲ್ಸ್‌ನಲ್ಲಿ ನೋಡುತ್ತಾ ಹಾರಿಸುವ ಡ್ರೋನ್) ಹಾರಿಸುತ್ತಿದ್ದೇನೆ, ಹೆಚ್ಚುಕಮ್ಮಿ ಒಬ್ಬನೇ. ಪಕ್ಕದಲ್ಲಿ ಕತ್ತೆತ್ತಿ ಆಕಾಶ ನೋಡುತ್ತಾ ನಿಲ್ಲುವ ತಮ್ಮ ಒಬ್ಬನಿದ್ದಾನೆ, ಅವನಿಗೂ ಈಗ ಬೇಜಾರು ಬಂದಿದೆ. ಎರಡು ಮರದ ನಡುವೆ ನುಗ್ಗಿಸಿದ್ದಾಯಿತು, ಗೋಲ್‌ಪೋಸ್ಟ್ ಒಳಗೆ ತೂರಿಸಿದ್ದಾಯಿತು, ತಲೆಕೆಳಗಾಗಿ ತೂರಿಸಿದ್ದೂ ಆಯಿತು. ಮೊನ್ನೆ ಮೈದಾನದ ಎರಡೂ ಗೋಲ್‌ಪೋಸ್ಟ್ ಸೇರಿಸಿ ಹತ್ತು ಸುತ್ತು ಹೊಡೆದು ಟೈಮ್ ನೋಡಿಕೊಂಡೆ. ಸುತ್ತಿಗೆ 14 ಸೆಕೆಂಡ್ ಬಂತು. ಇದು ಒಳ್ಳೆಯ ಟೈಮಾ, ಕೆಟ್ಟದ್ದಾ? ಹೇಳುವವರೇ ಇಲ್ಲ.

ಅದಕ್ಕೇ ಒಂದು ದಿನದ ಚಾಲೆಂಜ್ ಇಡೋಣ ಅನ್ನಿಸಿದೆ. ಸದ್ಯದ ಯೋಚನೆ ಇಷ್ಟು. ಬಯಲಿನಲ್ಲಿ ಏಳೆಂಟು ಗೇಟ್, ತಿರುವಿಗೆ ಎರಡು ಬಾವುಟದ ಕಂಬ. 5 ಇಂಚಿನ ಪ್ರೊಪೆಲ್ಲರ್ ಇರುವ ಕ್ವಾಡ್ (ನಾಲ್ಕು ಮೋಟಾರಿನ ಡ್ರೋನ್) ಮಾತ್ರ. ಒಂದು ಸಲಕ್ಕೆ ನಾಲ್ಕು ಜನ ಒಟ್ಟಿಗೆ ಹಾರುವುದು, ಮೂರು ಸುತ್ತು, ಮೊದಲು ಬಂದ ಇಬ್ಬರು ಮುಂದಿನ ಹಂತಕ್ಕೆ, ಉಳಿದವರು ಔಟ್. ಬಹುಮಾನ ಅಂತ ಏನಾದರೂ ಸಣ್ಣದು, ಒಂದು ಸೆಟ್ ಮೋಟಾರ್ ಥರದ್ದು.

ಜಾಗ ಹುಡುಕುವ ಮೊದಲು, ಗೇಟ್‌ಗೆ ಪೈಪ್ ತರುವ ಮೊದಲು, ಒಂದು ಮಾತು ಕೇಳಿಬಿಡೋಣ ಅಂತ. ಇಂಟರೆಸ್ಟ್ ಇದೆಯಾ? ಎಷ್ಟು ಜನ?

ಸುರುಳಿ:

ನಾನು ಇದ್ದೇನೆ.

ಗುಬ್ಬಿ65:

ನಾನೂ. ಆದರೆ 5 ಇಂಚಿನದು ನನ್ನ ಹತ್ತಿರ ಇಲ್ಲ.

ಮುರಿದ_ಪ್ರಾಪ್:

ಖಾಲಿ ಪ್ಯಾಕ್ ಅವರೇ, ಬೇಜಾರು ಮಾಡಿಕೊಳ್ಳಬೇಡಿ, ಪ್ರಶ್ನೆಯನ್ನೇ ತಪ್ಪಾಗಿ ಕೇಳಿದ್ದೀರಿ. ಇಂಟರೆಸ್ಟ್ ಇದೆಯಾ ಅಂದರೆ ಯಾರು ಇಲ್ಲ ಅಂತಾರೆ? ನಾನು ಇಂಥದ್ದನ್ನು ಎರಡು ಸಲ ಮಾಡಿ ಕೈ ಸುಟ್ಟುಕೊಂಡವನು. ಮೊದಲನೇ ಸಲ 40 ಜನ ಹೂಂ ಅಂದಿದ್ದರು. ಬಂದವರು 11. ಆ 11ರಲ್ಲಿ ಹಾರುವ ಸ್ಥಿತಿಯಲ್ಲಿ ಇದ್ದ ಕ್ವಾಡ್ 6. ಒಬ್ಬ ರಿಮೋಟ್ ಮನೆಯಲ್ಲಿ ಬಿಟ್ಟು ಬಂದಿದ್ದ. ಇನ್ನೊಬ್ಬ ಬೆಳಗ್ಗಿನಿಂದ ಮಧ್ಯಾಹ್ನದವರೆಗೆ ಕಾರಿನ ಡಿಕ್ಕಿಯಲ್ಲಿ ಕೂತು ಬೆಸುಗೆ ಹಾಕಿದ, ಪಾಪ, ಹಾರಿಸಲೇ ಇಲ್ಲ.

ಬರುತ್ತೀರಾ ಅಂತ ಕೇಳುವ ಬದಲು ಹೀಗೆ ಕೇಳಿ. ಇವತ್ತು ಹಾರುವ ಕ್ವಾಡ್ ಇದೆಯಾ, ಎಷ್ಟು ಇಂಚಿನದು? ವಿಡಿಯೋ ಅನಲಾಗೋ ಡಿಜಿಟಲ್ಲೋ? ಬ್ಯಾಟರಿ ಪ್ಯಾಕ್ ಎಷ್ಟಿವೆ? ಆಕ್ರೋ ಮೋಡ್‌ನಲ್ಲಿ, ಅಂದರೆ ಕ್ವಾಡ್ ತಾನಾಗಿ ನೆಟ್ಟಗಾಗದ ಮೋಡ್‌ನಲ್ಲಿ, ಮೂರು ಸುತ್ತು ಬೀಳದೆ ಮುಗಿಸುತ್ತೀರಾ? ಕೊನೆಯದಕ್ಕೆ ಸುಳ್ಳು ಹೇಳಿದರೆ ಗೇಟ್‌ಗೇ ಗೊತ್ತಾಗುತ್ತದೆ ಬಿಡಿ.

ಇನ್ನು ನಾಲ್ಕು ಜನ ಒಟ್ಟಿಗೆ ಹಾರುವ ವಿಷಯ. ನೋಡೋಕೆ ಭಾರಿ ಚೆನ್ನಾಗಿರುತ್ತದೆ, ನಡೆಸುವವನಿಗೆ ತಲೆನೋವು. ನಮ್ಮ ವಿಡಿಯೋ ಎಲ್ಲ 5.8 ಗಿಗಾಹರ್ಟ್ಸ್‌ನಲ್ಲೇ ಓಡುವುದು. ಅದರಲ್ಲಿ ರೇಸ್‌ಗೆ ಬಳಸುವ ಚಾನೆಲ್ ಗುಂಪು ರೇಸ್‌ಬ್ಯಾಂಡ್. ಅದರಲ್ಲಿ ಎಂಟು ಚಾನೆಲ್, 5658 ಮೆಗಾಹರ್ಟ್ಸ್‌ನಿಂದ 5917ರವರೆಗೆ, ಒಂದಕ್ಕೂ ಇನ್ನೊಂದಕ್ಕೂ 37 ಮೆಗಾಹರ್ಟ್ಸ್ ಅಂತರ. ಎಂಟು ಚಾನೆಲ್ ಇದೆ, ಎಂಟು ಜನ ಹಾರಬಹುದು ಅಂದುಕೊಂಡರೆ ಕೆಟ್ಟಿರಿ. ಎರಡು ಸಿಗ್ನಲ್ ಜೋರಾಗಿ ಹತ್ತಿರ ಹತ್ತಿರ ಇದ್ದರೆ ಅವೆರಡೂ ಸೇರಿ ಮೂರನೇ ಜಾಗದಲ್ಲಿ ಒಂದು ದೆವ್ವವನ್ನು ಹುಟ್ಟಿಸುತ್ತವೆ. ಲೆಕ್ಕ ಸುಲಭ, ಒಂದನ್ನು ದುಪ್ಪಟ್ಟು ಮಾಡಿ ಇನ್ನೊಂದನ್ನು ಕಳೆಯಿರಿ. ಒಂದನೇ ಚಾನೆಲ್ 5658, ಎರಡನೇದು 5695. ಎರಡನೇದನ್ನು ದುಪ್ಪಟ್ಟು ಮಾಡಿ ಒಂದನೇದು ಕಳೆದರೆ 5732. ಅದೇ ಮೂರನೇ ಚಾನೆಲ್! ಅಲ್ಲಿ ಹಾರುವವನ ಗಾಗಲ್ಸ್ ತುಂಬಾ ಗೆರೆ. ಅದಕ್ಕೇ ನಾಲ್ಕು ಜನ ಅಂದರೆ 1, 3, 6, 8 ಕೊಡುವುದು ರೂಢಿ. ದೆವ್ವಗಳು ಖಾಲಿ ಚಾನೆಲ್‌ನಲ್ಲಿ ಹೋಗಿ ಕೂರುತ್ತವೆ. ಎಲ್ಲರ ವಿಡಿಯೋ ಸಿಗ್ನಲ್‌ನ ಶಕ್ತಿ 25 ಮಿಲಿವ್ಯಾಟ್‌ನಲ್ಲೇ ಇರಬೇಕು. ಒಬ್ಬ 600ಕ್ಕೆ ಇಟ್ಟರೂ ಉಳಿದವರ ಕಥೆ ಮುಗಿಯಿತು.

ಇದೆಲ್ಲ ಕಾಗದದ ಮೇಲೆ. ನಡೆದದ್ದು ಕೇಳಿ. ಎರಡನೇ ಸಲ ಫೈನಲ್ ನಡೀತಿತ್ತು. ಮುಂದಿದ್ದ ಹುಡುಗ ಕೊನೇ ಸುತ್ತಿನ ಐದನೇ ಗೇಟ್‌ಗೆ ವಾಲುತ್ತಿದ್ದ. ಟೇಬಲ್ ಹತ್ತಿರ ಯಾರೋ ಒಬ್ಬರು, ಸುಮ್ನೆ ಎಲ್‌ಇಡಿ ಉರಿಯುತ್ತಾ ನೋಡೋಣ ಅಂತ, ತಮ್ಮ ಕ್ವಾಡ್‌ಗೆ ಬ್ಯಾಟರಿ ಚುಚ್ಚಿದರು. ಅದೇ ಚಾನೆಲ್. ಹುಡುಗನ ಗಾಗಲ್ಸ್‌ನಲ್ಲಿ ಗೇಟ್ ಮಾಯ, ಅದರ ಜಾಗದಲ್ಲಿ ಟೇಬಲ್ ಮೇಲಿನ ಇಕ್ಕಳ ಮತ್ತು ಯಾರದೋ ಮೊಣಕೈ. ಅವನು "ಯಾರ್ರೀ ಅದು" ಅಂತ ಕಿರುಚಿ ಮುಗಿಸುವ ಮೊದಲೇ ಕ್ವಾಡ್ ಕಂಬಕ್ಕೆ ಬಡಿದು ಒಂದು ತೋಳು ಮುರಿದಿತ್ತು. ಬ್ಯಾಟರಿ ಚುಚ್ಚಿದವರಿಗೆ ಏನಾಯಿತು ಅಂತಲೇ ಗೊತ್ತಾಗಲಿಲ್ಲ.

ಆ ಹುಡುಗ ಮತ್ತೆ ಬರಲಿಲ್ಲ. ನಾನೂ ಆಮೇಲೆ ಮಾಡಲಿಲ್ಲ.

ಗುಬ್ಬಿ65:

ಹೆಸರಲ್ಲೇ ಇದೆ, ನನ್ನದು 65 ಮಿಲಿಮೀಟರ್ ವೂಪ್. ಬ್ಯಾಟರಿ ಸೇರಿ 30 ಗ್ರಾಮ್ ಒಳಗೆ. ಪ್ರೊಪೆಲ್ಲರ್ ಸುತ್ತ ಪ್ಲಾಸ್ಟಿಕ್ ಬಳೆ ಇರುತ್ತದೆ, ಗೋಡೆಗೆ ಬಡಿದರೂ ಪುಟಿದು ವಾಪಸ್ ಬರುತ್ತದೆ. ಬಯಲು ಬೇಡ, ಒಂದು ಹಾಲ್ ಸಾಕು. ಕುರ್ಚಿ ಕಾಲಿನ ಸಂದಿ ಒಂದು ಗೇಟ್, ಟೇಬಲ್ ಕೆಳಗೆ ಒಂದು, ಬಾಗಿಲ ಚೌಕಟ್ಟು ಇನ್ನೊಂದು. ಮಳೆ ಬಂದರೂ ಗಾಳಿ ಬಂದರೂ ನಡೆಯುತ್ತದೆ.

ಇದು ಮಕ್ಕಳಾಟ ಅಂತ ನಗುವವರಿಗೆ ಒಂದು ಮಾತು. ಕುರ್ಚಿ ಕೆಳಗೆ ನುಗ್ಗಿ ತಕ್ಷಣ ಮೇಲೆದ್ದು ಕಿಟಕಿ ಪರದೆ ತಪ್ಪಿಸಿ ವಾಪಸ್ ಅದೇ ಕುರ್ಚಿಗೆ ಬರುವುದನ್ನು ಒಂದು ಸಲ ಪ್ರಯತ್ನಿಸಿ ನೋಡಿ. ಜಾಗ ಕಮ್ಮಿ ಇದ್ದಷ್ಟೂ ಥ್ರಾಟಲ್ ಮೇಲೆ ಹಿಡಿತ ಜಾಸ್ತಿ ಬೇಕು. ದೊಡ್ಡ ಕ್ವಾಡ್‌ನವರು ನಮ್ಮ ಹಾಲ್‌ಗೆ ಬಂದು ಮೊದಲ ಪ್ಯಾಕ್ ಪೂರ್ತಿ ಸೂರಿಗೆ ಗುದ್ದುವುದರಲ್ಲೇ ಕಳೆಯುತ್ತಾರೆ.

ತೊಂದರೆ ಇಲ್ಲ ಅಂತಲ್ಲ. ನೆಲಕ್ಕೆ ಕಾರ್ಪೆಟ್ ಇದ್ದರೆ ಅದರ ಎಳೆ, ತಲೆಕೂದಲು, ಎಲ್ಲ ಮೋಟಾರ್ ಸಂದಿಗೆ ಸುತ್ತಿಕೊಳ್ಳುತ್ತದೆ. ಒಂದು ಮೋಟಾರ್ ಸ್ವಲ್ಪ ಬಿಸಿ ಜಾಸ್ತಿ ಆಗುತ್ತಿದೆ ಅನ್ನಿಸಿದರೆ ಪ್ರೊಪೆಲ್ಲರ್ ಕಿತ್ತು ಸಂದಿಗೆ ಟಾರ್ಚ್ ಹಿಡಿದು ನೋಡಿ. ಕಪ್ಪು ದಾರದ ಉಂಡೆ ಹಾಗೆ ಕಾಣುತ್ತದೆ. ಸಣ್ಣ ಚಿಮಟದಲ್ಲಿ ಒಂದು ತುದಿ ಹಿಡಿದು ನಿಧಾನ ಎಳೆದರೆ ಸುರುಳಿ ಸುರುಳಿಯಾಗಿ ಬರುತ್ತದೆ. ನನ್ನ ಹೆಂಡತಿ ಅದನ್ನು ನೋಡಿ "ಇದು ನನ್ನದೇ" ಅಂದಳು.

ವೂಪ್‌ಗೂ ಜಾಗ ಕೊಡಿ ಅಂತ ನನ್ನ ಮನವಿ. ನಾವು ಐದು ಜನ ಗ್ಯಾರಂಟಿ.

ಸಿಮ್‌ನಲ್ಲೇ_ಹಾರುವವಳು:

ನಾನು ಕೇಳಬಹುದಾ ಗೊತ್ತಿಲ್ಲ. ನನಗೆ 52 ವರ್ಷ. ಮಗ ಆಸೆಪಟ್ಟು ತಂದು ಮೂರು ತಿಂಗಳಲ್ಲಿ ಬಿಟ್ಟ ರಿಮೋಟ್ ಅನ್ನು ಕಂಪ್ಯೂಟರ್‌ಗೆ ಯುಎಸ್‌ಬಿಯಲ್ಲಿ ಹಾಕಿಕೊಂಡು ಸಿಮ್ಯುಲೇಟರ್ ಆಡುತ್ತಿದ್ದೇನೆ. ಮೊದಲು ಲಿಫ್ಟ್‌ಆಫ್, ಈಗ ವೆಲಾಸಿಡ್ರೋನ್. ಗಂಟೆ ಲೆಕ್ಕ ನೋಡಿದರೆ 300 ದಾಟಿದೆ. ಆಕ್ರೋ ಬಿಟ್ಟು ಬೇರೆ ಮೋಡ್‌ನಲ್ಲಿ ಹಾರಿಸಿಯೇ ಇಲ್ಲ. ಆದರೆ ನಿಜವಾದ ಡ್ರೋನ್ ಒಂದನ್ನೂ ಇವತ್ತಿನವರೆಗೆ ಮುಟ್ಟಿಲ್ಲ.

ಗೆದ್ದವರ ವಯಸ್ಸು ನೋಡಿದರೆ ಎದೆ ಧಸಕ್ ಅನ್ನುತ್ತದೆ. 2016ರಲ್ಲಿ ದುಬೈನಲ್ಲಿ ವರ್ಲ್ಡ್ ಡ್ರೋನ್ ಪ್ರೀ ಗೆದ್ದ ಲ್ಯೂಕ್ ಬ್ಯಾನಿಸ್ಟರ್‌ಗೆ 15. 2018ರಲ್ಲಿ ಶೆಂಜೆನ್‌ನಲ್ಲಿ ವಿಶ್ವ ಚಾಂಪಿಯನ್ ಆದ ಆಸ್ಟ್ರೇಲಿಯಾದ ರೂಡಿ ಬ್ರೌನಿಂಗ್‌ಗೂ 15. ನನ್ನ ಮಗನಿಗಿಂತ ಚಿಕ್ಕವರು! ನಾಲ್ಕು ಜನರ ಮಧ್ಯೆ ನನ್ನನ್ನು ನಿಲ್ಲಿಸಿದರೆ ಅರ್ಧ ಸುತ್ತಿನಲ್ಲೇ ಯಾರಿಗಾದರೂ ಗುದ್ದುತ್ತೇನೆ, ಆಮೇಲೆ ಅವರಿಗೆ ಮುಖ ತೋರಿಸುವುದು ಹೇಗೆ? ನಾನು ಬರುವುದೇ ಆದರೆ ಬೇರೆ ಥರ ಏನಾದರೂ ಇರಬೇಕು. ಇಲ್ಲದಿದ್ದರೆ ನೋಡುವವರ ಸಾಲಿನಲ್ಲಿ ನಿಲ್ಲುತ್ತೇನೆ, ಪರವಾಗಿಲ್ಲ.

ಸುರುಳಿ:

ಮೊದಲು ಹೂಂ ಅಂದೆ, ಈಗ ರೇಸ್ ಅಂತ ಕೇಳಿ ಸ್ವಲ್ಪ ಹಿಂಜರಿಕೆ. ನನಗೆ ಗೇಟ್ ಸುತ್ತುವುದರಲ್ಲಿ ಮಜಾ ಇಲ್ಲ. ಅದನ್ನು ಈಗ ಕಂಪ್ಯೂಟರ್ ಕೂಡ ಮಾಡುತ್ತದೆ. ಜ್ಯೂರಿಚ್ ವಿಶ್ವವಿದ್ಯಾಲಯದವರ ಸ್ವಿಫ್ಟ್, ಪೈಲಟ್ ಇಲ್ಲದೆ ತಾನೇ ರೇಸ್ ಮಾಡುವ ಡ್ರೋನ್, ನೆನಪಿದೆ ತಾನೆ? 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂತು. ಏಳು ಗೇಟ್, 75 ಮೀಟರ್ ಸುತ್ತು, ಎದುರಿಗೆ ಮೂವರು ಚಾಂಪಿಯನ್ ಪೈಲಟ್‌ಗಳು. 25 ರೇಸ್‌ನಲ್ಲಿ 15 ಯಂತ್ರದ ಪಾಲಾಯಿತು.

ಫ್ರೀಸ್ಟೈಲ್ ಇಡಿ. ಎರಡು ನಿಮಿಷ, ನಿಮಗೆ ಬೇಕಾದಂತೆ ಹಾರಿಸಿ. ಒಂದು ಮರದ ಕೊಂಬೆ ಸುತ್ತ ತಲೆಕೆಳಗಾಗಿ ತಿರುಗಿ ಅದೇ ವೇಗದಲ್ಲಿ ಕೆಳಗೆ ಜಾರುವಾಗ ಕೈಗೆ ಏನು ಸಿಗುತ್ತದೋ ಅದು ಗಡಿಯಾರಕ್ಕೆ ಸಿಗುವುದಿಲ್ಲ.

ಮುರಿದ_ಪ್ರಾಪ್:

ಸುರುಳಿ, ಅಂಕ ಹಾಕುವವರು ಯಾರು ಗುರೂ? ನಿನ್ನ ಗೆಳೆಯನಾ ನನ್ನ ಗೆಳೆಯನಾ? ಮೊದಲನೇ ಸಲ ಮಾಡಿದಾಗ ಫ್ರೀಸ್ಟೈಲ್ ಕೂಡ ಇಟ್ಟಿದ್ದೆ. ಹಾರಿಸಿದ್ದು ಅರ್ಧ ಗಂಟೆ, ಜಗಳ ಎರಡು ಗಂಟೆ.

ಸ್ವಿಫ್ಟ್ ವಿಷಯ ಎತ್ತಿದ್ದು ಒಳ್ಳೆಯದಾಯಿತು. ಆ ಲೇಖನದ ಇನ್ನೊಂದು ಸಾಲು ನನಗೆ ತುಂಬಾ ಇಷ್ಟ. ಯಂತ್ರ ಸೋತ 10 ರೇಸ್‌ಗಳಲ್ಲಿ ನಿಧಾನ ಆಗಿ ಸೋತದ್ದು ಎರಡೇ. ನಾಲ್ಕರಲ್ಲಿ ಗೇಟ್‌ಗೆ ಬಡಿಯಿತು. ಇನ್ನು ನಾಲ್ಕರಲ್ಲಿ ಎದುರಾಳಿಗೆ ಗುದ್ದಿಕೊಂಡಿತು. ಅಷ್ಟು ತಯಾರಾಗಿ ಬಂದ ಯಂತ್ರಕ್ಕೇ ಪಕ್ಕದವನ ಕಾಟ ತಪ್ಪಲಿಲ್ಲ ಅಂದರೆ ನಮ್ಮ ಅಕ್ಕನವರು ಗುದ್ದುತ್ತೇನೆ ಅಂತ ಹೆದರುವುದರಲ್ಲಿ ತಪ್ಪೇನಿದೆ?

ಅದಕ್ಕೇ ನನ್ನ ಸಲಹೆ, ಒಬ್ಬೊಬ್ಬರೇ ಹಾರಿ. ಗಡಿಯಾರದ ಜೊತೆ ಸ್ಪರ್ಧೆ. ಪ್ರತಿಯೊಬ್ಬರಿಗೂ ದಿನಪೂರ್ತಿ ನಾಲ್ಕೋ ಐದೋ ಸರದಿ, ಸತತ ಮೂರು ಸುತ್ತಿನ ಒಟ್ಟು ಟೈಮ್‌ನಲ್ಲಿ ಅತಿ ಕಮ್ಮಿ ಯಾವುದೋ ಅದು ಲೆಕ್ಕಕ್ಕೆ. ಒಂದು ಸಲ ಬಿದ್ದರೆ ಮುಗಿಯಲಿಲ್ಲ, ಪ್ರಾಪ್ (ಪ್ರೊಪೆಲ್ಲರ್) ಬದಲಿಸಿ ಮತ್ತೆ ಬನ್ನಿ. ಯಾರನ್ನೂ ಮಧ್ಯಾಹ್ನ ಮನೆಗೆ ಕಳಿಸಬೇಕಾಗಿಲ್ಲ. ಸೋತ ತಕ್ಷಣ ಔಟ್ ಅಂದರೆ ಹೊಸಬರು ಅಷ್ಟು ದೂರದಿಂದ ಬಂದು ಹಾರಿಸುವುದು ಒಂದೂವರೆ ನಿಮಿಷ. ಯಾರು ಬರುತ್ತಾರೆ ಹೇಳಿ.

ಯಾರ ವಿಡಿಯೋ ಅನಲಾಗ್, ಯಾರದು ಡಿಜಿಟಲ್ ಅನ್ನುವ ಜಗಳವೂ ಅಲ್ಲಿಗೇ ಮುಗಿಯುತ್ತದೆ. ಗಾಳಿಯಲ್ಲಿ ಇರುವುದು ಒಂದೇ ಕ್ವಾಡ್, ಅದು ಯಾವ ಸಿಸ್ಟಮ್ ಆದರೂ ಆಗಲಿ.

ಖಾಲಿ_ಪ್ಯಾಕ್:

ಟೈಮ್ ಹಿಡಿಯುವುದು ಹೇಗೆ? ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿದರೆ ಅದರ ಮೇಲೆ ಇನ್ನೊಂದು ಜಗಳ ಅಲ್ವಾ?

ಮುರಿದ_ಪ್ರಾಪ್:

ರೋಟರ್‌ಹಜಾರ್ಡ್ ಅಂತ ಒಂದು ಓಪನ್ ಸೋರ್ಸ್ ವ್ಯವಸ್ಥೆ ಇದೆ, ನನ್ನ ಹತ್ತಿರ ಕಟ್ಟಿಟ್ಟದ್ದು ಒಂದು ಧೂಳು ತಿನ್ನುತ್ತಿದೆ. ಕ್ವಾಡ್ ಮೇಲೆ ಏನೂ ಅಂಟಿಸಬೇಕಾಗಿಲ್ಲ. ನಿಮ್ಮ ವಿಡಿಯೋ ಸಿಗ್ನಲ್ ಎಷ್ಟು ಜೋರಾಗಿದೆ ಅಂತ ಗೇಟ್ ಪಕ್ಕದಲ್ಲಿ ಕೂತು ಕೇಳಿಸಿಕೊಳ್ಳುತ್ತಿರುತ್ತದೆ. ಹತ್ತಿರ ಬಂದಂತೆ ಜೋರು, ದಾಟಿದಂತೆ ಕಮ್ಮಿ, ನಡುವಿನ ಶಿಖರ ಎಲ್ಲಿದೆಯೋ ಅದೇ ಗೇಟ್ ದಾಟಿದ ಕ್ಷಣ. ಡಿಜಿಟಲ್‌ನವರಿಗೆ ಅದರ ಜೊತೆಗೆ ಗೇಟ್ ಪಕ್ಕ ಒಂದು ಫೋನ್ ಸ್ಟ್ಯಾಂಡ್‌ನಲ್ಲಿ ಇಟ್ಟು ವಿಡಿಯೋ ಮಾಡಿ. ಸೆಕೆಂಡಿಗೆ 60 ಫ್ರೇಮ್ ಅಂದರೆ ಒಂದು ಫ್ರೇಮ್‌ಗೆ 17 ಮಿಲಿಸೆಕೆಂಡ್. ನಮ್ಮ ಮಟ್ಟಕ್ಕೆ ಧಾರಾಳ ಆಯಿತು. ಅದಕ್ಕಿಂತ ಕಮ್ಮಿ ಅಂತರದಲ್ಲಿ ಇಬ್ಬರು ಬಂದರೆ ಇಬ್ಬರಿಗೂ ಬಹುಮಾನ ಕೊಟ್ಟುಬಿಡಿ.

ಅಕ್ಕ, ನಿಮಗೆ ಒಂದು ಮಾತು. ಸಿಮ್‌ನಲ್ಲಿ 300 ಗಂಟೆ ಅಂದರೆ ಹೆಬ್ಬೆರಳು ತಯಾರಾಗಿದೆ. ತಯಾರಾಗದೆ ಇರುವುದು ಹೊಟ್ಟೆ. ಮೊದಲ ಸಲ ಗಾಗಲ್ಸ್ ಹಾಕಿಕೊಂಡು ಥ್ರಾಟಲ್ ಮೇಲೆತ್ತಿದಾಗ ಕಾಲಿನ ಕೆಳಗಿನ ನೆಲವೇ ಜಾರಿದಂತೆ ಆಗುತ್ತದೆ, ಕೂತು ಹಾರಿಸಿ. ಬ್ಯಾಟರಿ ಕೂಡ ಸಿಮ್‌ನಷ್ಟು ಒಳ್ಳೆಯದಲ್ಲ. ಶುರುವಿನಲ್ಲಿ ಸೆಲ್‌ಗೆ 4.2 ವೋಲ್ಟ್ ಇದ್ದಾಗ ಚಿಗರೆ ಹಾಗೆ ಎಗರುವ ಕ್ವಾಡ್ ಕೊನೆಗೆ 3.5ಕ್ಕೆ ಬಂದಾಗ ಅದೇ ಸ್ಟಿಕ್‌ಗೆ ಏಳುವುದೇ ಇಲ್ಲ, ಆಗ ಸುಮ್ನೆ ಇಳಿಸಿಬಿಡಬೇಕು. ಗುಬ್ಬಿಯವರ ಹತ್ತಿರ ಒಂದು ವೂಪ್ ಎರವಲು ತೆಗೆದುಕೊಂಡು ಹಾಲ್‌ನಲ್ಲಿ ಶುರು ಮಾಡಿ. ನಿಮ್ಮದೇ ರಿಮೋಟ್ ಅದಕ್ಕೆ ಬೈಂಡ್ (ಜೋಡಿ) ಆದರೆ ಇನ್ನೂ ಒಳ್ಳೆಯದು.

ಗುಬ್ಬಿ65:

ಎರವಲು ಯಾಕೆ, ನನ್ನ ಹಳೆಯದನ್ನೇ ಇಟ್ಟುಕೊಳ್ಳಿ. ಒಂದು ಬಳೆ ಸೀಳಿದೆ, ಟೇಪ್ ಸುತ್ತಿದ್ದೇನೆ. ಹಾರುತ್ತದೆ. ರಿಮೋಟ್‌ನ ರೇಡಿಯೋ ಸಿಸ್ಟಮ್ ಎಕ್ಸ್‌ಪ್ರೆಸ್‌ಎಲ್‌ಆರ್‌ಎಸ್ ತಾನೆ?

ಸಿಮ್‌ನಲ್ಲೇ_ಹಾರುವವಳು:

ಮಗನನ್ನು ಕೇಳಿದೆ, ಹೌದಂತೆ. "ನೀನು ಹೋಗ್ತೀಯಾ?" ಅಂತ ಎರಡು ಸಲ ಕೇಳಿದ. ಈಗ ಅವನೂ ಬರುತ್ತಾನಂತೆ.

ನೆಲದ_ಮೇಲಿನವ:

ನಾನು ಹಾರಿಸುವವನಲ್ಲ. ತಂಗಿ ಹಾರಿಸುತ್ತಾಳೆ, ನಾನು ಅವಳ ಪಕ್ಕ ನಿಂತು ಮನುಷ್ಯರು ಬಂದರು, ನಾಯಿ ಬಂತು, ಹಕ್ಕಿ ಬಂತು ಅಂತ ಕೂಗುವವನು. ಗಾಗಲ್ಸ್ ಹಾಕಿದವರಿಗೆ ಕ್ಯಾಮೆರಾ ತೋರಿಸಿದ್ದು ಬಿಟ್ಟು ಬೇರೇನೂ ಕಾಣುವುದಿಲ್ಲ. ಎಷ್ಟೋ ದೇಶಗಳ ನಿಯಮದಲ್ಲಿ ಹೀಗೆ ಪಕ್ಕದಲ್ಲಿ ಒಬ್ಬ ಇರಲೇಬೇಕು ಅಂತ ಇದೆ. ಇಲ್ಲಿ ಎಲ್ಲರೂ ಚಾನೆಲ್, ಗೇಟ್, ಟೈಮ್ ಅಂತಿದ್ದೀರಿ, ನೋಡುವವರು ಎಲ್ಲಿ ನಿಲ್ಲಬೇಕು ಅಂತ ಒಬ್ಬರೂ ಹೇಳಲಿಲ್ಲ.

5 ಇಂಚಿನದಕ್ಕೆ ಬ್ಯಾಟರಿ ಸೇರಿ ಮುಕ್ಕಾಲು ಕೆಜಿ ಹತ್ತಿರ ತೂಕ. ಗಂಟೆಗೆ 100 ಕಿಲೋಮೀಟರ್ ಅಂದರೆ ಸೆಕೆಂಡಿಗೆ ಸುಮಾರು 28 ಮೀಟರ್. 10 ಮೀಟರ್ ಎತ್ತರದಲ್ಲಿ ಹೋಗುವಾಗ ರಿಮೋಟ್ ಸಿಗ್ನಲ್ ಕಡಿದು ಫೇಲ್‌ಸೇಫ್ ಮೋಟಾರ್ ನಿಲ್ಲಿಸಿತು ಅನ್ನಿ. ನೆಲ ಮುಟ್ಟಲು 1.4 ಸೆಕೆಂಡ್ ಬೇಕು. ಗಾಳಿಯ ತಡೆ ಬಿಟ್ಟು ಲೆಕ್ಕ ಹಾಕಿದರೆ ಅಷ್ಟರಲ್ಲಿ ಅದು 39 ಮೀಟರ್ ಮುಂದೆ ಬಂದಿರುತ್ತದೆ. ಮೋಟಾರ್ ನಿಂತಿದೆ ಅಂತ ಕಲ್ಲು ನಿಲ್ಲುತ್ತಾ? ಟ್ರ್ಯಾಕ್‌ನ ಉದ್ದನೆಯ ಓಟ ಯಾವ ಕಡೆಗೆ ಮುಖ ಮಾಡಿದೆಯೋ ಆ ಕಡೆ ಒಂದು ಹುಳವೂ ಇರಬಾರದು. ನೋಡುವವರು ಪೈಲಟ್‌ಗಳ ಬೆನ್ನ ಹಿಂದೆ, ನಡುವೆ ಬಲೆ.

ಇನ್ನೊಂದು, ಸಾಲಿಗೆ ಬರುವ ಮೊದಲೇ ಪ್ರತಿಯೊಬ್ಬರ ಫೇಲ್‌ಸೇಫ್ ನೋಡಿಬಿಡಬೇಕು. ಪ್ರಾಪ್ ಬಿಚ್ಚಿ, ಆರ್ಮ್ ಮಾಡಿ (ಮೋಟಾರ್ ಚಾಲೂ ಮಾಡಿ), ರಿಮೋಟ್ ಆಫ್ ಮಾಡಿ. ಮೋಟಾರ್ ಬೇಗನೆ ನಿಲ್ಲಬೇಕು. ನಿಲ್ಲದಿದ್ದರೆ ಅವತ್ತು ಅವರು ನನ್ನ ಜೊತೆ ನಿಂತು ನಾಯಿ ಬಂತು ಅಂತ ಕೂಗಲಿ. ಈ ಕೆಲಸ ನಾನು ಮಾಡುತ್ತೇನೆ. ಜೊತೆಗೆ ಬ್ಯಾಟರಿ ಚುಚ್ಚುವ ಟೇಬಲ್‌ಗೆ ಕಾವಲು ಕೂರುವುದೂ ನಾನೇ, ಆ ಐದನೇ ಗೇಟ್ ಹುಡುಗನ ಕಥೆ ಕೇಳಿ ಹೊಟ್ಟೆ ಉರಿಯಿತು. ಒಬ್ಬರು ಹಾರುತ್ತಿರುವಾಗ ಯಾರಾದರೂ ಬ್ಯಾಟರಿ ಮುಟ್ಟಿದರೆ ಬೈಸಿಕೊಳ್ಳುತ್ತಾರೆ.

ಸುರುಳಿ:

ಸರಿ ಸರಿ, ಸೋತೆ. ಆದರೆ ಮಧ್ಯಾಹ್ನ ಎಲ್ಲರೂ ಬ್ಯಾಟರಿ ಚಾರ್ಜ್ ಮಾಡುವಾಗ ಟ್ರ್ಯಾಕ್ ಖಾಲಿ ಬಿದ್ದಿರುತ್ತದೆ ಅಲ್ವಾ. ಆ ಒಂದು ಗಂಟೆ ಫ್ರೀಸ್ಟೈಲ್‌ಗೆ ಬಿಡಿ. ಅಂಕ ಬೇಡ, ಬಹುಮಾನ ಬೇಡ. ಗಾಗಲ್ಸ್ ಇರುವವರು ನಮ್ಮ ಚಾನೆಲ್‌ಗೆ ಹಾಕಿ ನೋಡಲಿ, ಇಲ್ಲದವರು ಮಲಗಲಿ.

ಖಾಲಿ_ಪ್ಯಾಕ್:

ಒಪ್ಪಿದೆ. ಈಗ ಹೊಸದಾಗಿ ಹೇಳುತ್ತೇನೆ, ಮೇಲೆ ಬರೆದ ಪ್ಲಾನ್ ಮರೆತುಬಿಡಿ.

ಬೆಳಗ್ಗೆ ಹಾಲ್‌ನಲ್ಲಿ ವೂಪ್, ಮಧ್ಯಾಹ್ನದ ಮೇಲೆ ಬಯಲಿನಲ್ಲಿ 5 ಇಂಚು. ಎರಡೂ ಒಬ್ಬೊಬ್ಬರೇ, ಸತತ ಮೂರು ಸುತ್ತು, ಅತಿ ಕಮ್ಮಿ ಟೈಮ್. ಎರಡಕ್ಕೂ ಬೇರೆ ಬೇರೆ ಪಟ್ಟಿ. ನಡುವೆ ಸುರುಳಿಯ ಒಂದು ಗಂಟೆ. ಬಯಲಿನ ಟ್ರ್ಯಾಕ್‌ನ ಅಳತೆಯನ್ನು ಮೊದಲೇ ಹಾಕುತ್ತೇನೆ, ವೆಲಾಸಿಡ್ರೋನ್‌ನಲ್ಲಿ ಅದನ್ನೇ ಕಟ್ಟಿಕೊಂಡು ಅಭ್ಯಾಸ ಮಾಡಬಹುದು. ಅಕ್ಕ, ಆ ಕೆಲಸ ನಿಮಗೇ ವಹಿಸಲಾ? ಟ್ರ್ಯಾಕ್ ಎಡಿಟರ್ ನನಗಿಂತ ನಿಮಗೆ ಚೆನ್ನಾಗಿ ಗೊತ್ತಿರುತ್ತದೆ.

ಬರುವವರು ಮುರಿದ ಪ್ರಾಪ್ ಕೇಳಿದ ನಾಲ್ಕೂ ಪ್ರಶ್ನೆಗೆ ಉತ್ತರ ಬರೆಯಿರಿ. ಬರೀ "ನಾನೂ" ಅಂತ ಬರೆದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ನನ್ನದು: 5 ಇಂಚು, 6ಎಸ್ (ಆರು ಸೆಲ್‌ನ ಬ್ಯಾಟರಿ), ಅನಲಾಗ್, ಪ್ಯಾಕ್ ಐದು, ಅದರಲ್ಲಿ ಒಂದು ಊದಿಕೊಂಡಿದೆ, ಹಾಗಾಗಿ ನಾಲ್ಕು. ಮೂರು ಸುತ್ತು ಬೀಳದೆ ಮುಗಿಸುತ್ತೇನೆ, ಹತ್ತಕ್ಕೆ ಏಳು ಸಲ.

ಸಿಮ್‌ನಲ್ಲೇ_ಹಾರುವವಳು:

ಟ್ರ್ಯಾಕ್ ನಾನು ಕಟ್ಟುತ್ತೇನೆ. ಗೇಟ್‌ನ ಒಳಗಿನ ಅಗಲ, ಎತ್ತರ, ಒಂದರಿಂದ ಇನ್ನೊಂದಕ್ಕೆ ಎಷ್ಟು ಮೀಟರ್, ಯಾವ ಕಡೆ ಮುಖ, ಇಷ್ಟು ಕಳಿಸಿ. ಅಂದಾಜು ಬೇಡ, ಟೇಪ್ ಹಿಡಿದು ಅಳೆದದ್ದು.

ನನ್ನದು: ವೂಪ್, ಟೇಪ್ ಸುತ್ತಿದ್ದು, ಇನ್ನೂ ಕೈಗೆ ಬಂದಿಲ್ಲ. ಅನಲಾಗ್ ಅಂತ ಗುಬ್ಬಿ ಹೇಳಿದರು. ಪ್ಯಾಕ್ ಎರಡು ಕೊಡುತ್ತಾರಂತೆ, ಎರಡು ಸಾಕಾ? ಬೀಳುವುದರ ಬಗ್ಗೆ ಮುಂದಿನ ವಾರ ಹೇಳುತ್ತೇನೆ.

ಗುಬ್ಬಿ65:

ಎರಡು ಸಾಲದು, ಒಂದು ಮೂರು ನಿಮಿಷಕ್ಕೆ ಖಾಲಿ. ಆರು ಕೊಡುತ್ತೇನೆ. ಮಗನಿಗೆ ಹೇಳಿ ಚಾರ್ಜರ್ ತನ್ನಿ.